ನಲವತ್ತು ರೂಪಾಯಿಯ ಮರೆವು

ನಮ್ಮ ಸರ್ಕಾರಿ ಶಾಲೆ, ಕಚೇರಿಗಳಲ್ಲಿ 'ಕಂಡಮ್' ಎಂಬ ಒಂದು ಮಾತು ಉಂಟು. ಇಂಗ್ಲಿಷಿನಿಂದ ಬಂದದ್ದಾದರೂ ಗುಮಾಸ್ತರ ಬಾಯಲ್ಲಿ ಸವೆದು ಸವೆದು ಈಗ ಅದು ಅಚ್ಚಕನ್ನಡವೇ ಆಗಿಬಿಟ್ಟಿದೆ. ಬೆಂಚಿನ ಕಾಲು ಮುರಿದರೆ ಕಂಡಮ್, ಜೀಪು ಕೆಮ್ಮಿದರೆ ಕಂಡಮ್, ಗೋಡೆ ಗಡಿಯಾರ ನಿಂತರೆ ಕಂಡಮ್. ದಾಸ್ತಾನು ಪುಸ್ತಕದ ಷರಾ ಕಾಲಮಿನಲ್ಲಿ 'ನಿರುಪಯುಕ್ತ' ಎಂದು ಬರೆದು ಕೆಳಗೆ ಮೂರು ಜನ ಸಹಿ ಹಾಕಿಬಿಟ್ಟರೆ ಆ ವಸ್ತುವಿನ ಉತ್ತರಕ್ರಿಯೆ ಮುಗಿದಂತೆ. ಆಮೇಲೆ ಅದನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಮುಟ್ಟಿದವರಿಗೇ ತೊಂದರೆ. ಈ ಮಾತಿನ ಮೇಲೆ ನನಗೆ ಬಹಳ ವರ್ಷಗಳಿಂದ ಸಿಟ್ಟಿದೆ. ಆ ಸಿಟ್ಟನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಿಕೊಳ್ಳಬೇಕೆಂದಿದ್ದೇನೆ.

ನನ್ನ ವಾದ ಇಷ್ಟೇ. ಹಳೆಯ ಕಂಪ್ಯೂಟರು ಮುಂತಾದ ವಿದ್ಯುನ್ಮಾನ ಉಪಕರಣಗಳನ್ನು 'ಸತ್ತುಹೋಯಿತು' ಎಂದು ನಾವು ಗುಜರಿಗೆ ಹಾಕುತ್ತೇವಲ್ಲ, ಅವುಗಳಲ್ಲಿ ಎಷ್ಟೋ ಸತ್ತಿರುವುದೇ ಇಲ್ಲ. ಅವಕ್ಕೆ ಮರೆವು ಬಂದಿರುತ್ತದೆ, ಅಷ್ಟೆ. ಆ ಮರೆವಿಗೆ ಕಾರಣ ಹೊಟ್ಟೆಯೊಳಗಿನ ಒಂದು ಸಣ್ಣ ಸೆಲ್ಲು; ನಾಣ್ಯದಷ್ಟು ಅಗಲ, ನಾಣ್ಯಕ್ಕಿಂತ ತುಸು ದಪ್ಪ. ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ಅದನ್ನು ನಲವತ್ತು ರೂಪಾಯಿಗೆ ಕೊಡುತ್ತಾರೆ; ಒಂದು ಮಸಾಲೆದೋಸೆಗೂ ಈಗ ಅದಕ್ಕಿಂತ ಹೆಚ್ಚು ತೆರಬೇಕು. ನಲವತ್ತು ರೂಪಾಯಿಯ ವಸ್ತು ಮುಗಿಯಿತೆಂದು ಸಾವಿರಾರು ರೂಪಾಯಿಯ ಯಂತ್ರವನ್ನು ಎಸೆಯುವುದು ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಂಡ ಹಾಗೆ. ಅದನ್ನೇ ನಾವು ಮಾಡುತ್ತಿದ್ದೇವೆ. ಅದೂ ಬಡವರ ಮಕ್ಕಳು ಓದುವ ಶಾಲೆಗಳಲ್ಲಿ, ಸಾರ್ವಜನಿಕರ ದುಡ್ಡಿನಲ್ಲಿ ಕೊಂಡ ವಸ್ತುಗಳಿಗೆ ಮಾಡುತ್ತಿದ್ದೇವೆ.

ನಾನು ಬಿ.ಎ., ಬಿ.ಎಡ್. ಮಾಡಿದವಳು. ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕದಂಬರ ಪಾಠ ಮಾಡುವ ಮೇಡಮ್ಮಿಗೆ ಕಂಪ್ಯೂಟರಿನ ಒಳಗಿನ ಸುದ್ದಿ ಯಾಕೆ ಎಂದು ಕೇಳುವವರು ಕೇಳಬಹುದು, ಕೇಳಿಯೂ ಇದ್ದಾರೆ. ಆದರೆ ಮನೆಯಲ್ಲಿ ಗ್ರೈಂಡರು ನಿಂತಾಗ ಮೊದಲು ಬಗ್ಗಿ ನೋಡುವವರು ಯಾರು? ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾಯಿತೆಂದು ಕುಕ್ಕರನ್ನೇ ಎಸೆದ ಹೆಂಗಸನ್ನು ನಾನು ನೋಡಿಲ್ಲ. ಹೊಸ ಗ್ಯಾಸ್ಕೆಟ್ಟು ತಂದು ಹಾಕುತ್ತಾಳೆ. ಹಿಂದೆ ಹಿತ್ತಾಳೆ ಪಾತ್ರೆಯ ಕಲಾಯಿ ಹೋದರೆ ಕಲಾಯಿಯವನು ಬೀದಿಗೆ ಬರುವ ತನಕ ಕಾಯುತ್ತಿದ್ದೆವು. ಪಾತ್ರೆ ಸತ್ತಿತೆಂದು ಯಾರೂ ಷರಾ ಬರೆಯಲಿಲ್ಲ. ಅಡುಗೆಮನೆಯ ಈ ವಿವೇಕ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದೊಡನೆ ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡುತ್ತದೆ.

ಮೊದಲು ಆ ಸೆಲ್ಲಿನ ಕೆಲಸವೇನೆಂದು ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ನೆನಪು ಒಂದೇ ಬಗೆಯದಲ್ಲ. ಕರೆಂಟು ಹೋದರೂ ಅಳಿಯದೆ ಹಾರ್ಡ್ ಡಿಸ್ಕಿನಲ್ಲಿ ಉಳಿಯುವುದು ಒಂದು. ಕರೆಂಟು ಹೋದೊಡನೆ ಸ್ಲೇಟಿನ ಬರಹದಂತೆ ಒರೆಸಿಹೋಗುವುದು ಇನ್ನೊಂದು. ಇವೆರಡರ ನಡುವೆ ಮತ್ತೊಂದು ಪುಟ್ಟ ನೆನಪು ಇದೆ. ಇವತ್ತು ಯಾವ ತಾರೀಖು, ಗಂಟೆ ಎಷ್ಟು, ಒಳಗೆ ಯಾವ ಡಿಸ್ಕು ಇದೆ, ಎದ್ದೊಡನೆ ಮೊದಲು ಯಾವುದನ್ನು ಓದಬೇಕು ಎಂಬಂಥ ನಾಲ್ಕು ಮಾತು ಮಾತ್ರ ಅದರಲ್ಲಿರುತ್ತದೆ. 1984ರಲ್ಲಿ ಐಬಿಎಂ ಕಂಪನಿ ತಂದ 'ಎಟಿ' ಎಂಬ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಮೊಟೊರೋಲಾದ ಒಂದು ಗಡಿಯಾರ ಚಿಪ್ಪು ಇತ್ತು. ಅದರ ನೆನಪಿನ ಒಟ್ಟು ಜಾಗ 64 ಬೈಟು. 14 ಗಡಿಯಾರದ ಲೆಕ್ಕಕ್ಕೆ, ಉಳಿದ 50 ಬೇರೆ ಮಾತುಗಳಿಗೆ. ಒಂದು ಪೋಸ್ಟ್ ಕಾರ್ಡಿನ ಎರಡು ಸಾಲಿನಷ್ಟು ಅನ್ನಿ. ಮುಂದೆ ಬಂದ ಕಂಪ್ಯೂಟರುಗಳು ಹೆಚ್ಚುಕಡಿಮೆ ಇದೇ ಪದ್ಧತಿ ಹಿಡಿದವು. ಯಂತ್ರವನ್ನು ಆರಿಸಿದ ಮೇಲೂ ಆ ಎರಡು ಸಾಲು ಅಳಿಸಿಹೋಗದಂತೆ ಕಾಯುವುದು ಸೆಲ್ಲಿನ ಕೆಲಸ. ದೇವರ ಕೋಣೆಯ ನಂದಾದೀಪವಿದ್ದಂತೆ.

ಈ ಸೆಲ್ಲು ಕೆಲವು ವರ್ಷ ಬಾಳುತ್ತದೆ. ದಿನವೂ ಕರೆಂಟು ಕಾಣುವ ಯಂತ್ರದಲ್ಲಿ ಹೆಚ್ಚು ಕಾಲ, ಬೀಗ ಹಾಕಿಟ್ಟ ಕೋಣೆಯಲ್ಲಿ ಕಡಿಮೆ ಕಾಲ. ಕರೆಂಟು ಇಲ್ಲದ ಹೊತ್ತಿನಲ್ಲೇ ಅದು ದುಡಿಯಬೇಕಲ್ಲ. ಅದು ಮುಗಿದ ದಿನ ಕಂಪ್ಯೂಟರು ಕರಿಯ ತೆರೆಯ ಮೇಲೆ 'ಸಿಮಾಸ್ ಚೆಕ್‌ಸಮ್ ಎರರ್' ಎಂದು ಇಂಗ್ಲಿಷಿನಲ್ಲಿ ಬರೆದು ನಿಂತುಬಿಡುತ್ತದೆ. ಒಂದು ಕೀಲಿ ಒತ್ತಿದರೆ ಮುಂದಕ್ಕೆ ಹೋಗುವುದೂ ಉಂಟು. ಆದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದರೆ ಅಂತರಜಾಲದ ತಾಣಗಳು ಬಾಗಿಲು ತೆಗೆಯುವುದಿಲ್ಲ. ಪ್ರತಿ ತಾಣಕ್ಕೂ ಇಂತಿಷ್ಟು ದಿನ ಮಾತ್ರ ಚಲಾವಣೆಯಲ್ಲಿರುವ ಒಂದು ಗುರುತಿನ ಪತ್ರ ಇರುತ್ತದೆ, ಹಳೆಯ ಕಾಲದಲ್ಲಿ ಕುಳಿತ ಕಂಪ್ಯೂಟರು ಅದನ್ನು ಒಪ್ಪುವುದಿಲ್ಲ. ಕೆಲವು ಯಂತ್ರಗಳು ಯಾವ ಡಿಸ್ಕಿನಿಂದ ಏಳಬೇಕೆಂಬುದನ್ನೇ ಮರೆತು ಸುಮ್ಮನೆ ಕೂರುತ್ತವೆ. ನೋಡುವವರ ಕಣ್ಣಿಗೆ ಇದೆಲ್ಲ ಒಂದೇ: ಹಾಳಾಗಿದೆ.

2001-02ರ ಹೊತ್ತಿಗೆ ಕರ್ನಾಟಕ ಸರ್ಕಾರ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದಿತು. ಆಮೇಲೂ ಬೇರೆ ಬೇರೆ ಹೆಸರಿನ ಯೋಜನೆಗಳು ಬಂದವು. ಊರಿನ ಖಾಸಗಿ ಶಾಲೆಯಲ್ಲಿ ಮಾತ್ರ ಕಾಣುತ್ತಿದ್ದ ಯಂತ್ರವನ್ನು ಕೂಲಿಕಾರರ ಮಕ್ಕಳೂ ಮುಟ್ಟುವಂತಾದದ್ದು ಸಣ್ಣ ಸಂಗತಿಯಲ್ಲ. ನಾನು ಹೇಳುವುದು ಆಮೇಲಿನ ಕಥೆ. ಕೊಳ್ಳುವ ದಿನ ರಿಬ್ಬನ್ ಕತ್ತರಿಸಲು ಹತ್ತು ಜನ. ಸೆಲ್ಲು ಮುಗಿದ ದಿನ ಕೇಳುವವರು ಒಬ್ಬರೂ ಇಲ್ಲ.

ಸುಮಾರು ಹತ್ತು ವರ್ಷದ ಹಿಂದೆ ನಾನು ಭದ್ರಾವತಿಯ ಕಡೆಯ ಒಂದು ಪ್ರೌಢಶಾಲೆಗೆ ಶಿವಮೊಗ್ಗದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಲ್ಲಿ ಒಂದು ಯೋಜನೆಯಲ್ಲಿ ಬಂದ 11 ಕಂಪ್ಯೂಟರುಗಳಿದ್ದವು. ಗುತ್ತಿಗೆ ಮುಗಿದು ಎರಡು ವರ್ಷ ಕೋಣೆಗೆ ಬೀಗ ಬಿದ್ದಿತ್ತು. ಆಮೇಲೆ ಪರೀಕ್ಷೆ ಮಾಡಲು ಬಂದವರೊಬ್ಬರು ಹನ್ನೊಂದಕ್ಕೂ ಒಂದೇ ಕೈಬರಹದಲ್ಲಿ 'ಮದರ್ ಬೋರ್ಡ್ ಕೆಟ್ಟಿದೆ' ಎಂದು ಬರೆದು, ಚಹಾ ಕುಡಿದು ಹೋದರು. ಒಂದು ಪೆಟ್ಟಿಗೆಯ ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಸ್ಕ್ರೂ ಮೇಲಿನ ಧೂಳೇ ಅದಕ್ಕೆ ಸಾಕ್ಷಿ. ಹನ್ನೊಂದು ಮಕ್ಕಳೂ ಒಂದೇ ಪ್ರಶ್ನೆಗೆ ಒಂದೇ ತಪ್ಪು ಉತ್ತರ ಬರೆದಿದ್ದರೆ ಮೌಲ್ಯಮಾಪನ ಮಾಡುವವರಿಗೆ ಅನುಮಾನ ಬರುತ್ತದೆ. ಇಲ್ಲಿ ಮಾತ್ರ ಯಾರಿಗೂ ಬರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐ.ಟಿ.ಐ. ಮುಗಿಸಿ ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹತ್ತನೇ ತರಗತಿಯಲ್ಲಿ ಇಸವಿಗಳನ್ನು ನೆನಪಿಡಲಾರದೆ ಒದ್ದಾಡುತ್ತಿದ್ದ ಹುಡುಗ. ಒಂದು ಭಾನುವಾರ ಬಾರೋ ಎಂದೆ. ಬಂದ. ಒಂದನ್ನು ಬಿಚ್ಚಿ, ಸಣ್ಣ ಮೀಟರು ಹಿಡಿದು, ನಕ್ಕ.

'ಮಿಸ್, ಇದಕ್ಕೇನೂ ಆಗಿಲ್ಲ. ಸೆಲ್ಲು ಹೋಗಿದೆ ಅಷ್ಟೆ.'

'ಎಲ್ಲದಕ್ಕೂ ಅದೇನೇನೋ?'

'ಎಲ್ಲದಕ್ಕೂ ಅಂತ ಹೇಳಲ್ಲ ಮಿಸ್. ಒಂದೊಂದೇ ತೆಗೆದು ನೋಡಾಣ.'

ಎರಡು ಭಾನುವಾರ ಹಿಡಿಯಿತು. ಹನ್ನೊಂದು ಸೆಲ್ಲಿಗೆ 440 ರೂಪಾಯಿ. ಆರು ಯಂತ್ರಗಳು ಸೆಲ್ಲು ಹಾಕಿ ತಾರೀಖು ಹೇಳಿಕೊಟ್ಟೊಡನೆ ಎದ್ದು ಕೂತವು. ಎರಡಕ್ಕೆ ಒಳಗಿನ ಮೆಮೊರಿ ಪಟ್ಟಿಯನ್ನು ತೆಗೆದು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಬೇಕಾಯಿತು. ಮೂರು ನಿಜವಾಗಿಯೂ ಕೆಟ್ಟಿದ್ದವು. ಅವನ್ನು ಕೆಟ್ಟವು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ. ಪರೀಕ್ಷೆ ಮಾಡಿ ಹೇಳಿದ ಮಾತಿಗೂ ಮಾಡದೆ ಬರೆದ ಷರಾಕ್ಕೂ ಇರುವ ವ್ಯತ್ಯಾಸ ಹನ್ನೊಂದರಲ್ಲಿ ಎಂಟು.

ಎಂಟು ಕಂಪ್ಯೂಟರು ಎದ್ದದ್ದಕ್ಕಿಂತ ದೊಡ್ಡ ಸಂಗತಿ ಒಂದರ ಡಿಸ್ಕಿನಲ್ಲಿ ಸಿಕ್ಕಿತು. ನನಗಿಂತ ಮೊದಲು ಅಲ್ಲಿದ್ದು ವರ್ಗವಾಗಿ ಹೋದ ಕನ್ನಡ ಮೇಷ್ಟ್ರೊಬ್ಬರು ಮಕ್ಕಳಿಂದ ಅವರವರ ಅಜ್ಜಂದಿರ ಕಥೆ ಬರೆಸಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತವರು, ಕಾಗದದ ಕಾರ್ಖಾನೆಗೆ ಬಿದಿರು ಹೇರಿ ತಂದವರು, ಪಾಳಿ ಸೈರನ್ನಿಗೆ ಅನ್ನ ಬಸಿಯುತ್ತಿದ್ದ ಅಜ್ಜಿಯರು. ಎಲ್ಲವನ್ನೂ ಮಕ್ಕಳೇ 'ನುಡಿ'ಯಲ್ಲಿ ಟೈಪು ಮಾಡಿದ್ದರು. ಕಾಗುಣಿತದ ತಪ್ಪು ಬೇಕಾದಷ್ಟಿತ್ತು. ಆ ಅಜ್ಜಂದಿರಲ್ಲಿ ಎಷ್ಟೋ ಜನ ಆ ಹೊತ್ತಿಗೆ ಇರಲಿಲ್ಲ. ಬರೆದ ಮಕ್ಕಳು ಬೆಂಗಳೂರು, ಮಂಗಳೂರು ಸೇರಿದ್ದರು. ಇನ್ನು ಹದಿನೈದು ದಿನ ಕಳೆದಿದ್ದರೆ ಆ ಡಿಸ್ಕು ಕೆ.ಜಿ. ಲೆಕ್ಕದಲ್ಲಿ ಹರಾಜಾಗುತ್ತಿತ್ತು. ಕಡತಗಳು ಹಳೆಯ 'ನುಡಿ' ಅಕ್ಷರಗಳಲ್ಲಿದ್ದವು, ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನೂ ಸತ್ತಿತು ಎನ್ನುವವರಿದ್ದಾರೆ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಸಿಗುತ್ತದೆ. ಅರ್ಧ ಗಂಟೆಯ ಕೆಲಸ. ಅದೇ ಡಿಸ್ಕುಗಳಲ್ಲಿ ಮಕ್ಕಳ ಹೆಸರು, ವಿಳಾಸ, ಜಾತಿ, ತಂದೆಯ ಆದಾಯ ಎಲ್ಲವೂ ಇತ್ತು. ಗುಜರಿಗೆ ಕಳಿಸುವ ಮುನ್ನ ಅಳಿಸಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಎಂಟು ಯಂತ್ರ ಎದ್ದದ್ದು ನೋಡಿ ಶಾಲೆಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಪುಸ್ತಕದಲ್ಲಿ ಸತ್ತಿವೆ ಎಂದಿದೆ, ಆಡಿಟ್ಟಿನವರು ಬಂದರೆ ಏನು ಹೇಳುವುದು? ಸತ್ತವರು ಎದ್ದು ಬಂದರೆ ಹಾಲುತುಪ್ಪ ಬಿಟ್ಟವರಿಗೆ ಕಷ್ಟ. ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: 'ಮೇಡಂ, ನೀವು ಹಳೇದನ್ನ ರಿಪೇರಿ ಮಾಡಿಸಿದ್ರೆ ನಮಗೆ ಹೊಸದು ಸ್ಯಾಂಕ್ಷನ್ ಆಗಲ್ಲ. ಸುಮ್ನಿರಿ.' ಅವರನ್ನು ನಾನು ಬೈಯಲಾರೆ. ಅವರು ಹೇಳಿದ್ದು ನಮ್ಮ ವ್ಯವಸ್ಥೆಯ ನಿಜವನ್ನೇ. ಜೋಪಾನ ಮಾಡಿದವನಿಗೆ ದಂಡ, ಹಾಳು ಮಾಡಿದವನಿಗೆ ಬಹುಮಾನ ಎಂಬ ಲೆಕ್ಕ ಇರುವ ಕಡೆ ಯಾವ ವಸ್ತು ತಾನೇ ಬದುಕೀತು?

ಇದು ಕಂಪ್ಯೂಟರಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ಮೊಬೈಲು ಬರುವ ಮುನ್ನ 'ಡಿಜಿಟಲ್ ಡೈರಿ' ಎಂಬ ಅಂಗೈಯಗಲದ ವಸ್ತು ಬಂದಿತ್ತು. ನಮ್ಮ ಬೀದಿಯಲ್ಲಿದ್ದ ವಿಮಾ ಏಜೆಂಟರೊಬ್ಬರು ಗಿರಾಕಿಗಳ ಫೋನ್ ನಂಬರನ್ನೆಲ್ಲ ಅದರಲ್ಲಿ ತುಂಬಿದ್ದರು. ಅದರೊಳಗೆ ನಡೆಸುವ ಸೆಲ್ಲು ಬೇರೆ, ನೆನಪು ಕಾಯುವ ಸೆಲ್ಲು ಬೇರೆ. ಒಂದನ್ನು ಬದಲಿಸುವಾಗ ಇನ್ನೊಂದು ಒಳಗಿರಬೇಕು. ಅವರು ಎರಡನ್ನೂ ಒಟ್ಟಿಗೆ ತೆಗೆದರು. ನಂಬರುಗಳೆಲ್ಲ ಗಾಳಿಗೆ ಹೋದವು. ಆರ್ಕೆಸ್ಟ್ರಾದವರು ಬಳಸುವ ಕೀಬೋರ್ಡುಗಳಲ್ಲೂ ಹೀಗೆ. 1988ರಲ್ಲಿ ಬಂದು ಜಗತ್ತಿನಾದ್ಯಂತ ಹೆಸರಾದ 'ಕೊರ್ಗ್ ಎಂ1' ಎಂಬ ವಾದ್ಯ ತನ್ನ ನಾದಗಳನ್ನು ನೆನಪಿಡುವುದು ಇಂಥದೇ ಸೆಲ್ಲಿನ ಬಲದಿಂದ. ಸೆಲ್ಲು ಹೋದರೆ ನಾದ ಹೋಗುತ್ತದೆ. ವಾದ್ಯ ಹೋಗುವುದಿಲ್ಲ, ಹೊಸ ಸೆಲ್ಲು ಹಾಕಿ ನಾದಗಳನ್ನು ಮತ್ತೆ ತುಂಬಬಹುದು, ಯಾರಾದರೂ ಪ್ರತಿ ಇಟ್ಟಿದ್ದರೆ.

ಈ 'ಪ್ರತಿ ಇಟ್ಟಿದ್ದರೆ' ಎಂಬ ಮಾತಿನಲ್ಲೇ ಎಲ್ಲ ಇದೆ. ಸೆಲ್ಲು ಅಂಗಡಿಯಲ್ಲಿ ಸಿಗುತ್ತದೆ, ಮರೆತುಹೋದದ್ದು ಸಿಗುವುದಿಲ್ಲ. 1980, 90ರ ದಶಕದ ಕಾರ್ಖಾನೆಗಳಲ್ಲಿ ಯಂತ್ರ ನಡೆಸುವ ನಿಯಂತ್ರಣ ಪೆಟ್ಟಿಗೆಗಳಿದ್ದವು. ಯಾವ ಮೋಟಾರು ಯಾವಾಗ ತಿರುಗಬೇಕೆಂಬ ಪೂರ್ತಿ ಕ್ರಮವನ್ನು ಅವುಗಳಲ್ಲಿ ಅನೇಕವು ಬ್ಯಾಟರಿಯ ನೆನಪಿನಲ್ಲೇ ಇಟ್ಟುಕೊಂಡಿರುತ್ತಿದ್ದವು. ಅಂಥ ಪೆಟ್ಟಿಗೆಗಳ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಒಮ್ಮೆ ಹೇಳಿದರು: 'ನೋಡಮ್ಮಾ, ಇದಕ್ಕೆ ಬ್ಯಾಟರಿ ಬದಲಿಸೋದು ಅಂದ್ರೆ ಉರಿಯೋ ಒಲೆಗೆ ಸೌದೆ ಹಾಕಿದ ಹಾಗೆ. ಕರೆಂಟು ಇರುವಾಗಲೇ ಹಾಕಬೇಕು. ಒಲೆ ಆರಿದ ಮೇಲೆ ಸೌದೆ ಹಾಕಿದ್ರೆ ಮತ್ತೆ ಕಡ್ಡಿ ಗೀರಬೇಕು. ಕಡ್ಡಿ ಎಲ್ಲಿಟ್ಟಿದ್ದೀವಿ ಅಂತ ಗೊತ್ತಿರಬೇಕಲ್ಲ!' ಕಡ್ಡಿಪೆಟ್ಟಿಗೆ ಎಂದರೆ ಕಾಗದದ ಮೇಲೆ ಬರೆದಿಟ್ಟ ಪ್ರತಿ. ಕಾರ್ಖಾನೆಯ ಆ ಕ್ರಮ ತರಬೇತಾದವರಿಗೆ. ಶಾಲೆಯ ಕಂಪ್ಯೂಟರಿಗೆ ಪ್ಲಗ್ಗು ಕಿತ್ತೇ ಕೈಹಾಕಬೇಕು, ಕರೆಂಟು ಬರುವ ತಗಡಿನ ಪೆಟ್ಟಿಗೆಯನ್ನು ಬಿಚ್ಚಲೇಬಾರದು. ಆದ್ದರಿಂದಲೇ ಸೆಲ್ಲು ತೆಗೆಯುವ ಮುನ್ನ, ತೆರೆಯ ಮೇಲೆ ಕಾಣುವ ಆ ನಾಲ್ಕು ಮಾತನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಹಳೆಯ ಯಂತ್ರಗಳಲ್ಲಿ ಹಾರ್ಡ್ ಡಿಸ್ಕಿನ ಅಳತೆಯ ಸಂಖ್ಯೆಗಳನ್ನು ನಾವೇ ತುಂಬಬೇಕಿತ್ತು. ಅವು ಗೊತ್ತಿಲ್ಲದಿದ್ದರೆ ಸರಿಯಾಗಿರುವ ಡಿಸ್ಕೂ ಓದಲಾಗದ ಶಾಸನ.

ಶಾಸನದ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಸ್ತಂಭ ಶಾಸನ ನಿಂತಿದೆ. ಐದನೆಯ ಶತಮಾನದ್ದು. ಕಲ್ಲಿನ ಮೇಲೆ ಕೊರೆದದ್ದು, ಇಂದಿಗೂ ಓದಬಹುದು. ಅದಕ್ಕೆ ಯಾವ ಸೆಲ್ಲೂ ಬೇಡ. ನಮ್ಮ ವ್ಯಾಪಾರಿಗಳು ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅವೂ ಇನ್ನೂ ಉಳಿದಿವೆ. ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಯಂತ್ರದ ನೆನಪನ್ನು ನಂಬಿ ಕೈಬರಹವನ್ನು ಬಿಟ್ಟವರು ನಾವು. ಯಂತ್ರ ಮರೆತಾಗ ಯಂತ್ರವನ್ನೇ ದೂರಿ ಬಿಸಾಡುವವರೂ ನಾವೇ.

ತಪ್ಪೆಲ್ಲ ನಮ್ಮದೇ ಎಂದರೆ ತಯಾರಕರು ನಗುತ್ತಾರೆ. ಅವರ ಪಾಲನ್ನೂ ಹೇಳಬೇಕು. 1980ರ ದಶಕದ ಕೊನೆಯಿಂದ ಕೆಲವು ವರ್ಷ ಬಂದ ಬಹಳಷ್ಟು ಕಂಪ್ಯೂಟರ್ ಬೋರ್ಡುಗಳಿಗೆ ಪೀಪಾಯಿಯಾಕಾರದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿಯೇ ಕಳಿಸಿದರು. ವರ್ಷ ಕಳೆದಂತೆ ಅದು ಸೋರಿ, ಅದರ ಕ್ಷಾರ ತಾಮ್ರದ ಗೆರೆಗಳನ್ನು ತಿಂದು ಹಸಿರು ಕಿಲುಬು ಹಿಡಿಸುತ್ತದೆ. ಮಕ್ಕಳ ಕೈಗೆ ಸಿಗದಂತೆ ಅದನ್ನು ಬೇಗ ಕಿತ್ತು, ಕೈಗೆ ರಬ್ಬರ್ ಚೀಲ ಹಾಕಿಕೊಂಡು ವಿನೆಗರಿನಲ್ಲಿ ಒರೆಸಿ ತೊಳೆದರೆ ಬೋರ್ಡು ಉಳಿಯುವುದುಂಟು. ಅಮೆರಿಕದ ಡಲ್ಲಾಸ್ ಸೆಮಿಕಂಡಕ್ಟರ್ ಕಂಪನಿ ಇನ್ನೂ ಮುಂದೆ ಹೋಗಿ, ತನ್ನ ಗಡಿಯಾರ ಚಿಪ್ಪಿನೊಳಗೇ ಬ್ಯಾಟರಿ ಇಟ್ಟು 'ಎಪಾಕ್ಸಿ' ಅಂಟು ಸುರಿದು ಮುಚ್ಚಿಬಿಟ್ಟಿತು. ಹತ್ತು ವರ್ಷ ಬಾಳುತ್ತದೆ ಎಂಬ ಸಮಾಧಾನ ಅವರದು. ಹನ್ನೊಂದನೆಯ ವರ್ಷ ಬಳಸುವವರ ಪಾಡೇನು? ಈಗ ಹವ್ಯಾಸಿಗಳು ಸಣ್ಣ ಗರಗಸದಿಂದ ಅದರ ಬೆನ್ನು ಕೊರೆದು, ತಂತಿ ಹುಡುಕಿ, ಹೊರಗಿನಿಂದ ಸೆಲ್ಲು ಕೂರಿಸುತ್ತಾರೆ. ಮನುಷ್ಯರ ಬೆನ್ನಿನ ಆಪರೇಷನ್ ಇದಕ್ಕಿಂತ ಸುಲಭವೇನೋ.

ಇನ್ನು ಜಪಾನಿನ ಕ್ಯಾಪ್ಕಾಮ್ ಕಂಪನಿಯ ಕಥೆ. 1993ರಲ್ಲಿ ಅದು ತಂದ ವಿಡಿಯೋ ಆಟದ ಬೋರ್ಡಿನಲ್ಲಿ ಆಟವನ್ನು ಗುಪ್ತಲಿಪಿಯಲ್ಲಿಟ್ಟು, ಬೀಗದ ಕೀಲಿಯನ್ನು ಬ್ಯಾಟರಿಯ ನೆನಪಿನಲ್ಲಿಟ್ಟಿತು. ಕಳ್ಳಪ್ರತಿ ತಡೆಯುವುದು ಉದ್ದೇಶ. ಬ್ಯಾಟರಿ ಮುಗಿದರೆ ಕೀಲಿ ಅಳಿಸಿಹೋಗಿ, ದುಡ್ಡು ಕೊಟ್ಟು ಕೊಂಡವನ ಬೋರ್ಡೂ ಕಲ್ಲಾಗುತ್ತಿತ್ತು. ಆಟದವರು ಅದಕ್ಕೆ 'ಆತ್ಮಹತ್ಯೆ ಬ್ಯಾಟರಿ' ಎಂದೇ ಹೆಸರಿಟ್ಟರು. ವರ್ಷಗಟ್ಟಲೆ ಹೆಣಗಿ ಆ ಗುಪ್ತಲಿಪಿಯನ್ನು ಬಿಡಿಸಿದವರು ಕಂಪನಿಯವರಲ್ಲ, ಹವ್ಯಾಸಿಗಳು. 2016ರಲ್ಲಿ, ಸತ್ತ ಬೋರ್ಡಿಗೆ ಕೀಲಿಯನ್ನು ಮತ್ತೆ ಬರೆಯುವ ದಾರಿಯನ್ನೂ ಕಂಡುಹಿಡಿದರು. ಆಟದ ಪೆಟ್ಟಿಗೆಗೆ ಇಷ್ಟು ಕಷ್ಟಪಡುವ ಜನ ಇದ್ದಾರೆ. ಪಾಠದ ಪೆಟ್ಟಿಗೆಗೆ ನಮ್ಮಲ್ಲಿ ಒಂದು ಸ್ಕ್ರೂ ಬಿಚ್ಚುವವರಿಲ್ಲ. 2021ರಲ್ಲಿ ಸೋನಿಯ ಪ್ಲೇಸ್ಟೇಷನ್ 4ರಲ್ಲೂ ಇಂಥದೇ ದೋಷವನ್ನು ಬಳಕೆದಾರರು ಎತ್ತಿ ತೋರಿಸಿದರು: ಗಡಿಯಾರದ ಸೆಲ್ಲು ಹೋಗಿ, ಕಂಪನಿಯ ಸರ್ವರೂ ಸಿಗದಿದ್ದರೆ ಕೊಂಡ ಆಟವೂ ಆಡಲಾಗದು. ಅದೇ ವರ್ಷ ಸೆಪ್ಟೆಂಬರಿನ ತಂತ್ರಾಂಶದಲ್ಲಿ ಅದು ಸರಿಹೋಯಿತು. ಕೇಳುವವರಿದ್ದರೆ ಕೊಡುವವರೂ ಇರುತ್ತಾರೆ.

ಈಗ ಎದುರು ವಾದಗಳಿಗೆ ಬರೋಣ. ಹಳೆಯ ಕಂಪ್ಯೂಟರು ಇಟ್ಟುಕೊಂಡು ಈ ಕಾಲದ ಮಕ್ಕಳಿಗೆ ಏನು ಕಲಿಸುತ್ತೀರಿ ಎನ್ನುತ್ತಾರೆ. ಬಡವರ ಮಕ್ಕಳಿಗೆ ಹಳತು, ಉಳ್ಳವರ ಮಕ್ಕಳಿಗೆ ಹೊಸತು ಎಂಬ ಭೇದಕ್ಕೆ ಇದು ನೆಪವಾಗಬಾರದು ಎನ್ನುತ್ತಾರೆ. ಈ ಎರಡನೆಯ ಮಾತು ನ್ಯಾಯವಾದದ್ದು, ನಾನು ಒಪ್ಪುತ್ತೇನೆ. ಹೊಸತು ಕೊಡಲೇಬೇಕು. ಹಳತು ನಡೆಯುತ್ತಿದೆ ಎಂಬುದು ಹೊಸತನ್ನು ತಪ್ಪಿಸಲು ಕಾರಣವಾಗಕೂಡದು. ಹಳೆಯ ಯಂತ್ರವನ್ನು ಹಳೆಯ ತಂತ್ರಾಂಶದ ಸಮೇತ ಅಂತರಜಾಲಕ್ಕೆ ಜೋಡಿಸುವುದು ಅಪಾಯ ಎಂಬುದೂ ನಿಜ. ಜೋಡಿಸಬೇಡಿ, ಅಥವಾ ಪುಕ್ಕಟೆಯಾಗಿ ಸಿಗುವ ಹಗುರ ಲಿನಕ್ಸ್ ಹಾಕಿ. ಕರೆಂಟು ಹೆಚ್ಚು ತಿನ್ನುತ್ತದೆ ಎಂಬುದೂ ನಿಜ, ದಪ್ಪ ಗಾಜಿನ ಮಾನಿಟರು ಇದ್ದರಂತೂ ಇನ್ನೂ ಹೆಚ್ಚು. ಆದರೆ ಕನ್ನಡ ಟೈಪಿಂಗು, ಲೆಕ್ಕದ ಹಾಳೆ, ಚಿತ್ರ ಬರೆಯುವುದು, ಸಣ್ಣ ಪ್ರೋಗ್ರಾಮು ಬರೆಯುವುದು, ಇವಕ್ಕೆ ಅದು ಸಾಕು. ಮೂವತ್ತು ಮಕ್ಕಳು ಒಂದು ಹೊಸ ಕಂಪ್ಯೂಟರಿನ ಸುತ್ತ ಕತ್ತು ಚಾಚಿ ನಿಲ್ಲುವುದಕ್ಕಿಂತ ಎಂಟು ಹಳತರ ಮುಂದೆ ಕೂತು ಕೈಯಾಡಿಸುವುದು ಮೇಲು. ಹೊಸ ಲ್ಯಾಪ್‌ಟಾಪನ್ನು ಬಿಚ್ಚಲು ಯಾರೂ ಬಿಡುವುದಿಲ್ಲ. ಹಳತನ್ನು ಬಿಚ್ಚಿ ತೋರಿಸಬಹುದು. ನೆನಪು ಎಲ್ಲಿರುತ್ತದೆ, ಯಾಕೆ ಅಳಿಯುತ್ತದೆ ಎಂದು ಕಣ್ಣಾರೆ ಕಂಡ ಮಗು ಯಂತ್ರಕ್ಕೆ ಕೈಮುಗಿಯುವುದನ್ನು ಬಿಟ್ಟು ಯಂತ್ರವನ್ನು ಆಳಲು ಕಲಿಯುತ್ತದೆ.

ಭದ್ರಾವತಿಯವರಿಗೆ 'ಸತ್ತುಹೋಯಿತು' ಎಂಬ ಮಾತು ಚೆನ್ನಾಗಿ ಗೊತ್ತು. 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರ ತೀರ್ಮಾನಿಸಿತು. ಸರಿಯಾಗಿ ನೂರು ವರ್ಷಕ್ಕೆ. ಕಾರ್ಮಿಕರು ಬೀದಿಗಿಳಿದರು, ಊರೂ ಇಳಿಯಿತು. ಅದೇ ಆಗಸ್ಟಿನಲ್ಲಿ ಅದರ ಒಂದು ವಿಭಾಗ ಮತ್ತೆ ತಿರುಗಿತು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ದೊಡ್ಡ ಕಾರ್ಖಾನೆಗಳ ಹಣಕಾಸು ನಲವತ್ತು ರೂಪಾಯಿಯ ಸೆಲ್ಲಿನಷ್ಟು ಸರಳವಲ್ಲ, ಅದು ನನಗೂ ತಿಳಿಯುತ್ತದೆ. ಆದರೆ ಈ ಊರಿನಲ್ಲಿ ಲೇತು ತಿರುಗಿಸಿ ಸವೆದ ಭಾಗವನ್ನು ಮತ್ತೆ ಮಾಡಿಕೊಡುವ ಕೈಗಳಿವೆ. ರೇಡಿಯೋ ಬಿಚ್ಚಿ ಸರಿಮಾಡಿದವರಿದ್ದಾರೆ. ಆ ಕೈಗಳ ಮಕ್ಕಳು ಓದುವ ಶಾಲೆಯಲ್ಲೇ ಸ್ಕ್ರೂ ಬಿಚ್ಚದೆ ಮರಣಪತ್ರ ಬರೆಯುತ್ತೇವೆಂದರೆ ಅದು ಯಂತ್ರಕ್ಕೆ ಮಾತ್ರ ಮಾಡಿದ ಅವಮಾನವಲ್ಲ.

ಗುಜರಿಗೆ ಹೋದ ಮೇಲೆ ಏನಾಗುತ್ತದೆಂಬುದನ್ನೂ ಯೋಚಿಸಿ. ತಾಮ್ರಕ್ಕಾಗಿ ವೈರುಗಳನ್ನು ಸುಡುವ ಹೊಗೆ, ಬೆಸುಗೆಯ ಸೀಸ, ಇವು ಸೇರುವುದು ಯಾರದೋ ಎದೆಗೆ, ಯಾವುದೋ ಬಾವಿಗೆ. ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳು 2022ರಲ್ಲಿ ಹೊಸದಾಗಿ ಬಂದು 2023ರ ಏಪ್ರಿಲ್ 1ರಿಂದ ಜಾರಿಯಾದವು. ಕರಗಿಸಿ ಲೋಹ ತೆಗೆಯುವವರ ಜೊತೆಗೆ, ದುರಸ್ತಿ ಮಾಡಿ ಮರುಬಳಕೆಗೆ ಕೊಡುವವರನ್ನೂ ಅವು ಗುರುತಿಸುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ದುರಸ್ತಿಯ ಹಕ್ಕು' ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಯುರೋಪಿನ ಒಕ್ಕೂಟ ಇನ್ನೂ ಖಂಡಿತವಾಗಿ, 2027ರ ಫೆಬ್ರವರಿಯಿಂದ ಉಪಕರಣಗಳ ಒಳಗಿನ ಸಣ್ಣ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕೆಂದು 2023ರಲ್ಲೇ ಕಾನೂನು ಮಾಡಿತು. ಕಾಗದದ ಮೇಲಿನ ಹಕ್ಕು ಷರಾ ಕಾಲಮಿಗೆ ಇಳಿದು ಬರಬೇಕಾದರೆ ಕೆಳಗಿನವರು ಕೇಳಬೇಕು.

ಹಾಗಾಗಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಪೆಟ್ಟಿಗೆ ಬಿಚ್ಚಿ, ಹೊಸ ಸೆಲ್ಲು ಹಾಕಿ ನೋಡದೆ ಯಾವ ಕಂಪ್ಯೂಟರಿಗೂ 'ನಿರುಪಯುಕ್ತ' ಎಂದು ಬರೆಯಕೂಡದು. ನೋಡಿದ್ದೇನೆಂದು ನೋಡಿದವರು ಹೆಸರು ಬರೆದು ಸಹಿ ಹಾಕಬೇಕು. ಪ್ರತಿ ಶಾಲೆಗೂ ವರ್ಷಕ್ಕೆ ಒಂದು ಡಜನ್ ಸೆಲ್ಲು, ಒಂದು ಸ್ಕ್ರೂಡ್ರೈವರು ಕೊಡಬೇಕು. ಆ ಸೆಲ್ಲುಗಳು ಬೀಗದೊಳಗಿರಬೇಕು, ಹಳೆಯವೂ ಸಹ. ಸಣ್ಣ ಮಗು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಪ್ರತಿ ಯಂತ್ರಕ್ಕೂ ನೋಟ್ ಪುಸ್ತಕದಲ್ಲಿ ಒಂದು ಪುಟ ಇರಬೇಕು. ಡಿಸ್ಕಿನಲ್ಲಿರುವುದನ್ನು ನೋಡಿ, ಉಳಿಸಬೇಕಾದ್ದನ್ನು ಉಳಿಸಿ, ಅಳಿಸಬೇಕಾದ್ದನ್ನು ಅಳಿಸಿಯೇ ಹೊರಗೆ ಕಳಿಸಬೇಕು. ಹಳತನ್ನು ನಡೆಸಿಕೊಂಡ ಶಾಲೆಗೆ ಹೊಸತು ಮೊದಲು ಸಿಗಬೇಕು, ಕೊನೆಗಲ್ಲ. ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚಿದ ಯಂತ್ರವನ್ನು ಸರ್ಕಾರ ಕೊಳ್ಳಲೇಬಾರದು.

ಇಷ್ಟಕ್ಕೆ ತಜ್ಞರ ಸಮಿತಿ ಬೇಕಿಲ್ಲ, ವಿದೇಶ ಪ್ರವಾಸ ಬೇಕಿಲ್ಲ. ಮುಂದಿನ ಸಲ ನಿಮ್ಮ ಮುಂದೆ ದಾಸ್ತಾನು ಪುಸ್ತಕ ಬಂದು, 'ಇಲ್ಲೊಂದು ಸಹಿ ಹಾಕಿ ಮೇಡಂ' ಎಂದಾಗ, ಪೆನ್ನು ಎತ್ತುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿ: 'ಸೆಲ್ಲು ಬದಲಿಸಿ ನೋಡಿದಿರಾ?' ಉತ್ತರ ಬರುವ ತನಕ ಪೆನ್ನಿನ ಮುಚ್ಚಳ ತೆಗೆಯಬೇಡಿ.